ತಗಡಿನ ಮೇಲಿನ ಅಂಕಿ

ಅರಕಲಗೂಡು ತಾಲ್ಲೂಕಿನ ಆ ರೈತರಿಗೆ ದನದ ಕೊಟ್ಟಿಗೆಯ ಮಾಡೇ ದೊಡ್ಡ ತಲೆನೋವು. ಹಿಂದೆ ಹೊದಿಸಿದ್ದ ತಗಡು ಐದಾರು ಮಳೆಗಾಲಕ್ಕೇ ಜರಡಿಯಾಗಿತ್ತು. ಈ ಸಲ ರಾಮನಾಥಪುರದ ಹರಾಜಿನಲ್ಲಿ ಹೊಗೆಸೊಪ್ಪಿಗೆ ಸುಮಾರಾದ ಬೆಲೆ ಸಿಕ್ಕಿತು. ಹಾಸನದಲ್ಲಿ ಡಿಪ್ಲೊಮಾ ಓದುವ ಮಗನನ್ನು ಕರೆದುಕೊಂಡು ಹೊಳೆನರಸೀಪುರಕ್ಕೆ ಹೊರಟರು. ಮಗ ಬೇಕಾಗಿದ್ದುದು ಸಲಹೆಗಲ್ಲ, ಶೀಟು ಎತ್ತಿ ಲಗೇಜ್ ಆಟೋಗೆ ಹಾಕಲು.

ಅಂಗಡಿಯಲ್ಲಿ ಎರಡು ಬಗೆಯ ಶೀಟು ತೋರಿಸಿದರು. ಒಂದರ ಮೇಲೆ 275 ಎಂದು ಮುದ್ರೆ, ಇನ್ನೊಂದರ ಮೇಲೆ 550.

“ನೋಡಿ ಯಜಮಾನ್ರೆ, ಅದಕ್ಕಿಂತ ಇದು ಡಬಲ್ಲು. ರೇಟೂ ಕಮ್ಮಿ!”

ಅಪ್ಪ ಆಗಲೇ ಜೇಬಿಗೆ ಕೈ ಹಾಕಿದ್ದರು. ಮಗ ಮಾತ್ರ 550ರ ಪಕ್ಕದಲ್ಲೇ ಸಣ್ಣದಾಗಿದ್ದ 120 ಎಂಬ ಅಂಕಿಯನ್ನು ನೋಡುತ್ತ ನಿಂತಿದ್ದ. “ಅಪ್ಪಾ, ಇವತ್ತು ಬ್ಯಾಡ. ಒಂದ್ ವಾರ ತಡಿ” ಎಂದ. ದಾರಿಯುದ್ದಕ್ಕೂ ಬೈಗುಳ ತಿಂದ.

ಕಾಲೇಜಿನ ಗ್ರಂಥಾಲಯದಲ್ಲಿ ಮಾನಕಗಳ ಹೊತ್ತಗೆ ತೆಗೆದಾಗ ಅವನ ಅನುಮಾನ ನಿಜವಾಯಿತು. 275 ಎಂಬುದು ಸತುವಿನ ತೂಕ: ಒಂದು ಚದರ ಮೀಟರ್ ತಗಡಿಗೆ, ಎರಡೂ ಮೈ ಸೇರಿ, 275 ಗ್ರಾಂ. ಅಂದರೆ ಒಂದೊಂದು ಮೈಗೆ ಸುಮಾರು 19 ಮೈಕ್ರಾನ್, ತಲೆಗೂದಲಿಗಿಂತಲೂ ತೆಳು. 550 ಎಂಬುದು ಉಕ್ಕಿನ ಬಲ: ಚದರ ಮಿಲಿಮೀಟರಿಗೆ 550 ನ್ಯೂಟನ್ನಿನಷ್ಟು ಎಳೆತದವರೆಗೂ ಅದು ಶಾಶ್ವತವಾಗಿ ಹಿಗ್ಗುವುದಿಲ್ಲ. ಹಾಲಿನ ಕೊಬ್ಬಿನಂಶವನ್ನೂ ಹಸುವಿನ ತೂಕವನ್ನೂ ಪಕ್ಕಪಕ್ಕದಲ್ಲಿಟ್ಟು ಯಾವುದು ಹೆಚ್ಚು ಎಂದು ಕೇಳಿದ ಹಾಗಾಯಿತು. ಆ ‘ಡಬಲ್’ ತಗಡಿಗಿದ್ದ ಸತು 120 ಗ್ರಾಂ ಮಾತ್ರ.

ಗೊಂದಲಕ್ಕೆ ಅಂಗಡಿಯವರನ್ನೇ ದೂರಿ ಫಲವಿಲ್ಲ, ಲೋಕವೇ ಹಾಗಿದೆ. ನಮ್ಮಲ್ಲಿ ಸತು ಲೇಪಿಸಿದ ತಗಡಿನ ಮಾನಕದ ಹೆಸರು ಐ.ಎಸ್. 277, ಅದರೊಳಗೊಂದು ಲೇಪ 275! ಯುರೋಪಿನ ಇ.ಎನ್. 10346ರಲ್ಲಿ ಅದೇ ಲೇಪ ಝಡ್ 275. ಜಪಾನಿನವರ ಜಿ 3302 ಮಾನಕದಲ್ಲಿ ಕೊನೆಯ ಅಂಕಿ ಬಿಟ್ಟು ಝಡ್ 27. ಅಮೆರಿಕದ ಎ 653ರಲ್ಲಿ ಅದು ಜಿ 90, ಏಕೆಂದರೆ ಅವರ ಲೆಕ್ಕ ಚದರ ಅಡಿಗೆ ಇಷ್ಟು ಔನ್ಸ್ ಎಂದು. ಚದರ ಅಡಿಗೆ ಒಂದು ಔನ್ಸ್ ಎಂದರೆ ಚದರ ಮೀಟರಿಗೆ ಸುಮಾರು 305 ಗ್ರಾಂ, 0.90ರಿಂದ ಗುಣಿಸಿದರೆ ಅದೇ 275ರ ಹತ್ತಿರ ಬಂದು ನಿಲ್ಲುತ್ತದೆ. ಆಸ್ಟ್ರೇಲಿಯಾದವರದು ಇನ್ನೂ ತಮಾಷೆ. ಅಲ್ಲಿ ಜಿ 550 ಎಂದರೆ ಲೇಪವಲ್ಲ, ಬಲ. ಒಂದೇ ‘ಜಿ’, ಅಮೆರಿಕದಲ್ಲಿ ಒಂದರ್ಥ, ಆಸ್ಟ್ರೇಲಿಯಾದಲ್ಲಿ ಇನ್ನೊಂದು. ಅಕ್ಷರ ನೋಡಿ ಮೋಸಹೋಗದೆ ಅಂಕಿಯ ಹಿಂದಿನ ಅಳತೆ ಯಾವುದೆಂದು ಕೇಳುವುದನ್ನು ನಮ್ಮ ಮಕ್ಕಳಿಗೆ ಪರೀಕ್ಷೆಗಿಂತ ಮೊದಲು ಕಲಿಸಬೇಕಿತ್ತು.

ಭಾನುವಾರ ಊರಿಗೆ ಬಂದವನು ಕೊಟ್ಟಿಗೆಯಲ್ಲೇ ಅಪ್ಪನಿಗೆ ವಿವರಿಸಿದ. ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ; ಕತ್ತರಿಸಿದ ಅಂಚಿನಲ್ಲಿ, ಸಣ್ಣ ಗೀರಿನಲ್ಲಿ ಕೂಡ. ಅದು ಮುಗಿದ ಮೇಲೆಯೇ ತುಕ್ಕಿನ ಸರದಿ. ಆದ್ದರಿಂದ ಒಂದೇ ಜಾಗದಲ್ಲಿ ಲೇಪ ದಪ್ಪವಿದ್ದಷ್ಟೂ ಆಯುಸ್ಸು ಹೆಚ್ಚು. ಗಂಜಲದ ಘಾಟು, ಹಗಲೂ ರಾತ್ರಿ ತೇವ ಇರುವ ಕೊಟ್ಟಿಗೆಯಲ್ಲಿ ಸತು ಬೇಗ ಸವೆಯುತ್ತದೆ.

“ಹಂಗಾರೆ ಆ 550 ದಂಡವೇನೊ?”

“ದಂಡ ಅಲ್ಲಪ್ಪ. ಚನ್ನರಾಯಪಟ್ಟಣದಲ್ಲಿ ಅಕ್ಕನ ಮನೆ ನೋಡು. ಮಾಡಿನ ಮೇಲೇ ತೆಂಗಿನಮರ. ಕಾಯಿ ಬಿದ್ರೆ ತಗ್ಗು ಬೀಳಬಾರದು ಅಂದ್ರೆ ಬಲ ಬೇಕು. ನಮಗೆ ಬೇಕಾಗಿರೋದು ಸತು.”

ಅಪ್ಪ ತಲೆಯೆತ್ತಿ ತೂತುಗಳನ್ನು ನೋಡಿದರು. ಹಿಂದಿನ ತಗಡಿನ ಮೇಲೆ ಏನು ಬರೆದಿತ್ತೋ ಅವರು ಓದಿರಲಿಲ್ಲ. ಓದಲು ಬರುತ್ತಿರಲಿಲ್ಲ ಎಂದಲ್ಲ. ಅದು ಓದುವಂಥದ್ದು ಎಂದು ಯಾರೂ ಹೇಳಿರಲಿಲ್ಲ. ಎಷ್ಟು ಹೆಚ್ಚು ಬೀಳುತ್ತದೆ ಎಂದು ಕೇಳಿದರು. ಮಗ ಹೇಳಿದ. ಸ್ವಲ್ಪ ಹೊತ್ತು ಮಾತಿಲ್ಲ. ಕೊನೆಗೆ ಹನ್ನೆರಡರ ಬದಲು ಈ ವರ್ಷ ಎಂಟೇ ಶೀಟು, ಉಳಿದದ್ದು ಮುಂದಿನ ಬೆಳೆಗೆ ಎಂದು ತೀರ್ಮಾನವಾಯಿತು.

ಕೊಂಡದ್ದು ಹಾಸನದಲ್ಲಿ. ಹಣ ಎಣಿಸಿಕೊಂಡ ಅಂಗಡಿಯವರು ‘ಜಿ.ಐ. ಶೀಟು, 8’ ಎಂದಷ್ಟೇ ಬರೆದು ಬಿಲ್ಲು ಹರಿದುಕೊಟ್ಟರು. ಅಪ್ಪ ಅದನ್ನು ಮೇಜಿನ ಮೇಲೆ ಹಿಂದಕ್ಕೆ ಸರಿಸಿದರು.

“ಐ.ಎಸ್. 277, ಸತು 275 ಅಂತ ಅದ್ರಲ್ಲೇ ಬರ್ಕೊಡಿ ಸ್ವಾಮಿ.”