ನಾನು ಕಟ್ಟಿದ ಊರು

ಸನತ್‌ನಗರದ ಬಾಡಿಗೆ ಮನೆಯಲ್ಲಿ ಕೂತು ನಾನು ಊರು ಕಟ್ಟುತ್ತೇನೆ. ನಗಬೇಡಿ, ಅದೇ ನನ್ನ ಹೊಟ್ಟೆಪಾಡು. ಕಂಪ್ಯೂಟರ್ ಆಟಗಳಿಗೆ ಬೇಕಾದ ಹಳ್ಳಿಗಳನ್ನು ಮಾಡಿಕೊಡುವ ಕೆಲಸ. ಡ್ರ್ಯಾಗನ್, ಮಂತ್ರವಾದಿ, ಕತ್ತಿ ಹಿಡಿದ ವೀರ ಎಲ್ಲ ಇರುವ ದೊಡ್ಡ ಕಾಲ್ಪನಿಕ ಲೋಕ. ಆಡುವವನು ಮನಸ್ಸು ಬಂದ ಕಡೆ ಅಲೆಯಬಹುದು. ಅವನು ದಾರಿಯಲ್ಲಿ ಹಾದುಹೋಗುವ ಊರುಗಳಲ್ಲಿ ಒಂದೆರಡು ನನ್ನವು.

ಅವ್ವನಿಗೆ ಇದನ್ನು ಬಿಡಿಸಿ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: “ಇದ್ದ ಊರು ಬಿಟ್ಟು ಹೋಗಿ, ಇಲ್ಲದ ಊರು ಕಟ್ಲಾಕತ್ತೀಯೇನೋ?”

ನಮ್ಮೂರು ಚಿಂಚೋಳಿ ತಾಲೂಕಿನಲ್ಲಿದೆ. ದೂರವೇನಲ್ಲ. ಒಂದು ಕಾಲಕ್ಕೆ ಆಲ್ವಿನ್ ಕಾರ್ಖಾನೆಯಿಂದ ಹೆಸರಾಗಿದ್ದ ಈ ಸನತ್‌ನಗರದ ಪಕ್ಕದಲ್ಲೇ ಹೋಗುವ ರೈಲು ಹಳಿ ವಿಕಾರಾಬಾದ್, ತಾಂಡೂರು ದಾಟಿ ಸೇಡಂ ಕಡೆಗೇ ಹೋಗುತ್ತದೆ. ರಾತ್ರಿ ಗಾಡಿ ಸದ್ದು ಕೇಳಿದಾಗಲೆಲ್ಲ ‘ಹತ್ತಿದರೆ ಬೆಳಗಾಗುವುದರೊಳಗೆ ಊರು’ ಅಂದುಕೊಳ್ಳುತ್ತೇನೆ. ಹತ್ತುವುದು ಮಾತ್ರ ವರ್ಷಕ್ಕೊಮ್ಮೆ.

ನಾನು ಕಟ್ಟಿದ ಮೊದಲ ಊರನ್ನು ನೋಡಿ ನಮ್ಮ ತಂಡದ ಹಿರಿಯರೊಬ್ಬರು ತೆಲುಗಿನಲ್ಲಿ ಹೇಳಿದರು: “ಊರು ಬಾಗುಂದಿ, ಮನುಷುಲು ಲೇರು.” ಊರು ಚೆನ್ನಾಗಿದೆ, ಮನುಷ್ಯರಿಲ್ಲ. ನಾನು 22 ಜನರನ್ನು ಇಟ್ಟಿದ್ದೆ! ಕಮ್ಮಾರ ಸುತ್ತಿಗೆ ಬಡಿಯುತ್ತಿದ್ದ, ಹೆಂಗಸರು ನೀರು ಹೊರುತ್ತಿದ್ದರು, ಕೋಳಿಗಳು ಕೆದರುತ್ತಿದ್ದವು. ಆದರೂ ಅವರ ಮಾತು ನಿಜವಾಗಿತ್ತು.

ಈ ಕಸರತ್ತು ಹೊಸದಲ್ಲ. 1988ರ ‘ಅಲ್ಟಿಮಾ 5’ರಲ್ಲೇ ಊರಿನವರು ಹೊತ್ತಿಗೆ ಸರಿಯಾಗಿ ಏಳುತ್ತಿದ್ದರು, ದುಡಿಯುತ್ತಿದ್ದರು, ಮಲಗುತ್ತಿದ್ದರು. 2006ರ ‘ಆಬ್ಲಿವಿಯನ್’ ಈ ದಿನಚರಿಯನ್ನೇ ದೊಡ್ಡದಾಗಿ ಸಾರಿಕೊಂಡು ಬಂತು. 2011ರ ‘ಸ್ಕೈರಿಮ್’ನ ರಿವರ್‌ವುಡ್ ಹಳ್ಳಿಯಲ್ಲಿ ಒಂದು ಕೋಳಿ ಕೊಂದು ನೋಡಿ, ಊರಿಗೆ ಊರೇ ನಿಮ್ಮ ಮೇಲೆ ಬೀಳುತ್ತದೆ. ಆ ಕೋಳಿಯ ಜಗಳದಲ್ಲೇ ನನಗೆ ಗುಟ್ಟು ಸಿಕ್ಕಿದ್ದು. ಹೊತ್ತಿಗೆ ಏಳುವುದು, ಮಲಗುವುದು ಹಾಸ್ಟೆಲಿನಲ್ಲೂ ಇದೆ. ಅದರಿಂದ ಅದು ಊರಾಗುವುದಿಲ್ಲ. ಒಬ್ಬರ ಬದುಕು ಇನ್ನೊಬ್ಬರಿಗೆ ತಗುಲಿಕೊಂಡಿದ್ದರೆ ಊರು.

ಆಗ ನೆನಪಾದದ್ದು ಅಪ್ಪ ಮತ್ತು ಕಾಕಾ. ಹೊಲದ ಬದುವಿನ ಮೇಲೆ ಜಗಳವಾಗಿ ಮಾತು ಬಿಟ್ಟಿದ್ದರು. ಚಹಾದ ಹೋಟೆಲಿಗೆ ಅಪ್ಪ ಬಂದರೆ ಕಾಕಾ ಅರ್ಧ ಕಪ್ಪು ಬಿಟ್ಟು ಎದ್ದು ಹೋಗುತ್ತಿದ್ದ. ಊರಿನವರಿಗೆಲ್ಲ ಗೊತ್ತು, ಯಾರೂ ಆಡುತ್ತಿರಲಿಲ್ಲ. ಅದನ್ನೇ ಎತ್ತಿ ನನ್ನ ಹಳ್ಳಿಗೆ ಹಾಕಿದೆ. ಒಂದು ಬಾವಿ, ಇಬ್ಬರು ಅಣ್ಣತಮ್ಮಂದಿರು. ಅಣ್ಣ ನೀರು ಸೇದಿಕೊಂಡು ಹೋಗುವತನಕ ತಮ್ಮ ಖಾಲಿ ಕೊಡ ಹಿಡಿದು ಗೋಡೆಯ ಮರೆಯಲ್ಲಿ ನಿಂತಿರುತ್ತಾನೆ. ಕಾರಣವನ್ನು ಯಾರೂ ಹೇಳುವುದಿಲ್ಲ. ಆಟ ಪರೀಕ್ಷಿಸುವ ಹುಡುಗ ಎರಡನೇ ದಿನವೇ ಕೇಳಿದ, “ಇವರಿಬ್ಬರಿಗೂ ಏನಾಗಿದೆ?” ಆ ಊರಿನ ಬಗ್ಗೆ ಒಬ್ಬರು ಕೇಳಿದ ಮೊದಲ ಪ್ರಶ್ನೆ ಅದು. ನನಗೆ ಭಾರೀ ಹೆಮ್ಮೆ.

ಈ ಆಟಗಳಲ್ಲಿ ಇನ್ನೊಂದು ವಿಷಯವಿದೆ. ಆಡುವವನು ಊರು ದಾಟಿ ದೂರ ಹೋದನೆಂದರೆ ಸಾಮಾನ್ಯವಾಗಿ ಕಂಪ್ಯೂಟರ್ ಆ ಊರಿನ ಜನರ ಲೆಕ್ಕ ಕೈಬಿಡುತ್ತದೆ. ಇಡೀ ಲೋಕವನ್ನು ಒಟ್ಟಿಗೆ ನಡೆಸುವ ಶಕ್ತಿ ಅದಕ್ಕೆ ಸಾಲದು. ತಿರುಗಿ ಬಂದಾಗ ಹೊತ್ತು ನೋಡಿ ಯಾರ್ಯಾರನ್ನು ಎಲ್ಲೆಲ್ಲಿ ನಿಲ್ಲಿಸಬೇಕೋ ಅಲ್ಲಲ್ಲಿ ನಿಲ್ಲಿಸುತ್ತದೆ. ನೀವು ಬಿಟ್ಟು ಹೋದ ಊರೇ ನಿಮಗೆ ಸಿಗುತ್ತದೆ.

ಹೋದ ವರ್ಷ ಎಳ್ಳಮಾಸಿಗೆ ಊರಿಗೆ ಹೋದೆ. ಚರಗ ಚೆಲ್ಲಿ, ಎಲ್ಲರೂ ಹೊಲದಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಮುಂದಿಟ್ಟುಕೊಂಡು ಕೂತಿದ್ದರು. ಅಪ್ಪನ ಪಕ್ಕದಲ್ಲಿ ಕಾಕಾ! ಅಪ್ಪನ ಕೈಗೆ ಅಂಬಲಿ ಲೋಟ ಕೊಡುತ್ತಿದ್ದ. ಅಪ್ಪನ ಎಡಗೈ ಸರಿಯಾಗಿ ಮೇಲೇಳುತ್ತಿರಲಿಲ್ಲ.

ಅವ್ವನನ್ನು ಬದಿಗೆ ಕರೆದು ಕೇಳಿದೆ. ಅವಳು ಏನೂ ಆಗಿಲ್ಲವೆಂಬಂತೆ ಹೇಳಿದಳು: “ಮಳೆಗಾಲದಾಗ ನಿಮ್ಮಪ್ಪ ರಾತ್ರಿ ಬಿದ್ದ್ರು. ಯಾರಿಗ್ ಕರೀಲಿ? ನಿಮ್ಮ ಕಾಕಾನೇ ಜೀಪ್ ತಂದು ತಾಂಡೂರಿಗೆ ಒಯ್ದ. ಎಂಟು ದಿನ ಅಲ್ಲೇ ಇದ್ದ.”

“ನನಗ್ಯಾಕ ಹೇಳಲಿಲ್ಲ?”

“ದೂರ ಇರ್ತಿ, ಯಾಕ ಚಿಂತಿ ಹಚ್ಚೋದು. ಕಾಕಾ ಇದ್ನಲ್ಲ.”

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ವಾರಕ್ಕೊಮ್ಮೆ ಫೋನಿನಲ್ಲಿ “ಆರಾಮ ಅದೀರಿ?” ಎಂದು ಕೇಳುತ್ತಿದ್ದೆ, “ಆರಾಮ” ಅನ್ನುತ್ತಿದ್ದರು. ನಾನು ಇಟ್ಟ ಜನರೂ ಹಾಗೆಯೇ, ಕೇಳಿದ್ದಕ್ಕೆ ಒಂದೇ ಉತ್ತರ.

ಸನತ್‌ನಗರಕ್ಕೆ ಮರಳಿದ ಮೇಲೆ ಬಾವಿಯ ಹತ್ತಿರದ ಆ ಇಬ್ಬರನ್ನು ಒಂದು ಮಾಡೋಣವೆಂದುಕೊಂಡೆ. ಆಗಲಿಲ್ಲ. ಕೆಲಸ ಮುಗಿಸಿ ಒಪ್ಪಿಸಿಯಾಗಿತ್ತು. ಆ ತಮ್ಮ ಇನ್ನೂ ಗೋಡೆಯ ಮರೆಯಲ್ಲೇ ಕೊಡ ಹಿಡಿದು ನಿಂತಿದ್ದಾನೆ.

ಈಗ ಫೋನ್ ಮಾಡಿದರೆ “ಆರಾಮ ಅದೀರಿ?” ಅನ್ನುವುದಿಲ್ಲ. “ಇವತ್ತ ಮನಿಗೆ ಯಾರ್ಯಾರು ಬಂದಿದ್ರು?” ಅಂತ ಕೇಳುತ್ತೇನೆ. ಅವ್ವ ಶುರು ಮಾಡಿದರೆ ಅರ್ಧ ತಾಸು.