ಡೊಳ್ಳಿಗೆ ಕೈ ಇಟ್ಟವಳು

ನಮ್ಮೂರಲ್ಲಿ ಬೀರೇಶ್ವರನ ಜಾತ್ರೆ ಅಂದ್ರೆ ಡೊಳ್ಳು. ಚಿಕ್ಕಪ್ಪನ ಮಗಳಿಗೆ ಹುಟ್ಟಿದಾಗಿಂದ ಕಿವಿ ಕೇಳ್ಸಲ್ಲ. ಆದ್ರೂ ಡೊಳ್ಳಿನ ಗುಂಪು ಹೊರಟರೆ ಮೊದಲು ಓಡ್ತಿದ್ದವಳು ಅವಳೇ. ಒಂದ್ಸಲ ಬಾರಿಸುವವರ ನಡುವೆ ನುಗ್ಗಿ, ಡೊಳ್ಳಿನ ಮೈಗೆ ಅಂಗೈ ಒತ್ತಿ ನಿಂತುಬಿಟ್ಟಳು. ಜನ ನಕ್ಕರು. ನನಗೆ ಅವಮಾನ. ರಟ್ಟೆ ಹಿಡಿದು ಎಳ್ಕೊಂಡು ಬಂದೆ. ಆಗ ನನಗೆ 12, ಅವಳಿಗೆ 9.

ಅವಳನ್ನ ಕಿವುಡರ ಶಾಲೆಗೆ ಹಾಕಿದ್ರು. ಅಲ್ಲಿ ಸಂಗೀತದ ಪೀರಿಯಡ್ ಇರಲಿಲ್ಲ. ನಮ್ಮ ಶಾಲೆಯಲ್ಲಿ ಇತ್ತು, ಆದ್ರೆ ಅವಳಿರಲಿಲ್ಲ.

ಹೋದ ತಿಂಗಳು ಬೆಂಗಳೂರಿಗೆ ಬಂದಿದ್ದಳು. ಭಾನುವಾರ ಅವಳನ್ನೂ ಎರಡನೇ ಕ್ಲಾಸಿನ ನನ್ನ ಮಗಳನ್ನೂ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಂಗೆ ಕರ್ಕೊಂಡು ಹೊರಟೆ. 2019ರಲ್ಲಿ ಶುರುವಾದದ್ದು. "ಅವಳನ್ನ ಸಂಗೀತದ ಮ್ಯೂಸಿಯಂಗಾ?" ಅಂದಳು ಹೆಂಡತಿ. ನನ್ನದೇ ಹಳೇ ದನಿ ಕೇಳಿಸಿದಂಗಾಯ್ತು.

ಅಲ್ಲೊಂದು ಸೌಂಡ್ ಗಾರ್ಡನ್ ಇದೆ. ಕಲ್ಲು, ಲೋಹದ ವಾದ್ಯಗಳನ್ನ ಮುಟ್ಟಿ, ಬಡಿದು ನುಡಿಸಬಹುದು. ಮಗಳು ಬಡಿದು ಮುಂದಕ್ಕೆ ಓಡ್ತಿದ್ದಳು. ಅತ್ತೆ ಹಿಡಿದು ನಿಲ್ಲಿಸಿ, ಅವಳ ಅಂಗೈಯನ್ನ ವಾದ್ಯದ ಮೇಲಿಟ್ಟು ತಾನು ಬಡಿದಳು. ಮಗಳ ಕಣ್ಣು ಅಗಲವಾಯ್ತು. ಸ್ವಲ್ಪ ಹೊತ್ತಿಗೆ, "ನಿಂತೋಯ್ತು" ಅಂದಳು. ಅತ್ತೆ ತಲೆ ಅಲ್ಲಾಡಿಸಿದಳು: ಇನ್ನೂ ಇಲ್ಲ, ಕೈ ತೆಗೀಬೇಡ. ಆಮೇಲೆ ಅದೇ ಆಟ. ನಡುಕ ನಿಂತ ಕೂಡಲೇ ಬೆರಳು ಎತ್ತಬೇಕು. ಪ್ರತಿ ಸಲವೂ ಮಗಳ ಬೆರಳೇ ಮೊದಲು ಏಳ್ತಿತ್ತು, ಅತ್ತೆಯದು ತಡವಾಗಿ.

ಕಿವಿಗೆ ಸುಮಾರು 20ರಿಂದ 20,000 ಹರ್ಟ್ಜ್‌ವರೆಗೆ ಕೇಳ್ಸುತ್ತೆ ಅಂತ ಪರೀಕ್ಷೆಗೆ ಬರೆದು ಮಾರ್ಕ್ಸ್ ತಗೊಂಡವನು ನಾನು. ಚರ್ಮಕ್ಕೂ ಕಂಪನ ಗೊತ್ತಾಗುತ್ತೆ, 250ರ ಆಸುಪಾಸಿನಲ್ಲಿ ಅದು ಬಲು ಚುರುಕು ಅನ್ನೋದನ್ನ ಓದಿಕೊಂಡಿದ್ದು ಆ ರಾತ್ರಿ. ಸ್ಕಾಟ್ಲೆಂಡಿನ ಎವೆಲಿನ್ ಗ್ಲೆನಿ 12ರ ಹೊತ್ತಿಗೆ ಬಹುಮಟ್ಟಿಗೆ ಕಿವುಡಾದವರು. ಬರಿಗಾಲಲ್ಲಿ ನಿಂತು ತಾಳವಾದ್ಯ ನುಡಿಸ್ತಾರೆ. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲೂ ನುಡಿಸಿದ್ದರು.

ಕಿವಿ ಕೇಳುವ, ಕೇಳದ ಮಕ್ಕಳನ್ನ ಒಂದೇ ಬಸ್ಸಲ್ಲಿ ಇಂಥ ಕಡೆ ಕರ್ಕೊಂಡು ಬರಬೇಕು. 'ಪಾಪ' ಅಂತ ಅಲ್ಲ. ಕೈ ಎಲ್ಲಿಡಬೇಕು ಅಂತ ನನ್ನ ಮಗಳಿಗೆ ನಾನಂತೂ ಹೇಳಿಕೊಡ್ತಿರಲಿಲ್ಲ.

ಗೇಟಿನ ಹತ್ರ ಅವಳು ನನ್ನ ತಡೆದಳು. ಡೊಳ್ಳು ಬಾರಿಸುವಂತೆ ಕೈ ಆಡಿಸಿ, ತನ್ನ ರಟ್ಟೆಯನ್ನ ತಾನೇ ಹಿಡಿದು ಎಳೆದು ತೋರಿಸಿ ನಕ್ಕಳು.

"ಅತ್ತೆ ಏನಂದ್ರು ಅಪ್ಪಾ?" ಅಂದಳು ಮಗಳು.

ಆಟೋದಲ್ಲಿ ಹೇಳ್ತೀನಿ ಅಂದೆ. ಇನ್ನೂ ಹೇಳಿಲ್ಲ.