ಆಗುಂಬೆ ಘಾಟಿಯಲ್ಲಿ ಒಂದು ಗಂಟೆ

ಬೇಸಿಗೆ ರಜೆಯಲ್ಲಿ ಮೊಮ್ಮಗನೊಡನೆ ಉಡುಪಿಯಿಂದ ತೀರ್ಥಹಳ್ಳಿಗೆ ಹೊರಟಿದ್ದೆ. ಸೋಮೇಶ್ವರ ದಾಟಿದರೆ ಆಗುಂಬೆ ಘಾಟಿ. 14 ಹೇರ್‌ಪಿನ್ ತಿರುವುಗಳು. ಏಳನೆಯದರಲ್ಲಿ ನಮ್ಮ ಹಳೇ ಕಾರಿನ ಶಾಖದ ಮುಳ್ಳು ಕೆಂಪು ಗೆರೆ ಮುಟ್ಟಿತು. ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರಕ್ಕೆ ಕಲ್ಲು ಕೊಟ್ಟೆ.

ಬಾನೆಟ್ ಎತ್ತಿದ್ದೇ ತಡ, ಮೊಮ್ಮಗ ನೀರಿನ ಬಾಟಲಿ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ. "ಮುಟ್ಟಬೇಡ!" ಎಂದು ಕೂಗಿ ಎಳೆದುಕೊಂಡೆ. ಅವನ ಕಣ್ಣು ತುಂಬಿತು. ಆಗ ನನ್ನ ಕೈಯ ಸುಟ್ಟ ಕಲೆ ತೋರಿಸಿದೆ. ಬಿಸಿ ರೇಡಿಯೇಟರ್ ಎಂದರೆ ಒಲೆಯ ಮೇಲಿನ ಕುಕ್ಕರ್ ಇದ್ದಂತೆ. ಮುಚ್ಚಳ ತಿರುಗಿಸಿದರೆ ಕುದಿನೀರು ಚಿಮ್ಮುತ್ತದೆ. ಯೌವನದಲ್ಲಿ ನಾನೂ ಅದೇ ಅವಸರ ಮಾಡಿದ್ದೆ.

ಒಂದು ಗಂಟೆ ಕಾದೆವು. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ವೋಚರುಗಳನ್ನು ಒಂದೊಂದಾಗಿ ನೋಡುತ್ತಿದ್ದೆವು. ಹಾಗೆಯೇ ಹುಡುಕಿದೆವು. ಕೂಲೆಂಟ್ ಡಬ್ಬಿ ಖಾಲಿ. ಹೋದದ್ದು ಎಲ್ಲಿಗೆ? ಬಗ್ಗಿ ನೋಡಿದ ಮೊಮ್ಮಗ, "ಅಜ್ಜಾ, ಇಲ್ಲಿ ತೊಟ್ಟಿಕ್ಕುತ್ತಿದೆ!" ಎಂದ. ರಬ್ಬರ್ ಪೈಪಿನ ಕ್ಲಿಪ್ ಸಡಿಲವಾಗಿತ್ತು. ಬಿಗಿ ಮಾಡಿದೆ. ಎಂಜಿನ್ ಪೂರ್ತಿ ತಣಿದ ಮೇಲೆ ಬಟ್ಟೆ ಹಿಡಿದು ಮುಚ್ಚಳ ತೆರೆದು, ನೀರು ತುಂಬಿದೆ.

ಮೇಲಿನ ಸೂರ್ಯಾಸ್ತದ ಕಟ್ಟೆಗೆ ಬಂದಾಗ ಸೂರ್ಯ ಮುಳುಗಿದ್ದ. ಮೊಮ್ಮಗ ನನ್ನ ಕಲೆಯ ಮೇಲೆ ಬೆರಳಾಡಿಸಿದ.

"ಆಗ ನಿಮ್ಮನ್ನು ಯಾರೂ ತಡೆಯಲಿಲ್ವಾ?"

"ತಡೆದಿದ್ದರು, ಮಗಾ. ನನ್ನಜ್ಜ. ನಾನೇ ಕೇಳಲಿಲ್ಲ."